ನೌನಿನಲ್ಲಿ ಎಷ್ಟು ಬಗೆ

ಶಿವಗಂಗಾಳಿಗೆ ಇಂಗ್ಲಿಷಿನ ಮೇಲೆ ಅಂಥ ಸಿಟ್ಟೇನೂ ಇರಲಿಲ್ಲ. ಇದ್ದ ಸಿಟ್ಟೆಲ್ಲ ನೌನುಗಳ ಮೇಲೆ.

ಓಪನ್ ಸ್ಕೂಲಿನಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಿ, ಲೆಕ್ಕ, ವಿಜ್ಞಾನ, ಸಮಾಜ, ತೆಲುಗು ಎಲ್ಲವನ್ನೂ ಮೊದಲ ಏಟಿಗೇ ದಾಟಿದ್ದವಳು ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದಳು. ಮೊದಲ ಸಲ ಇಪ್ಪತ್ತೆಂಟು, ಎರಡನೇ ಸಲ ಮೂವತ್ತೊಂದು, ಬೇಕಾದದ್ದು ಮೂವತ್ತೈದು. ಎರಡು ಸಲವೂ ಪ್ರಶ್ನೆಪತ್ರಿಕೆಯಲ್ಲಿ ವ್ಯಾಕರಣವೇ ಮೊದಲು ಕಣ್ಣಿಗೆ ಬಿದ್ದಿತ್ತು. ಕೆಳಗಿನ ನೌನುಗಳು ಯಾವ ಬಗೆಯವು ಎಂದು ಬರೆಯಿರಿ ಎಂಬಲ್ಲಿ ಅವಳು ಸಿಕ್ಕಿಬಿದ್ದು, ಬರೆದದ್ದನ್ನು ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿ, ಮುಕ್ಕಾಲು ತಾಸು ಕಳೆದಿದ್ದಳು. ಪತ್ರ, ಪ್ರಬಂಧಕ್ಕೆ ಬರುವ ಹೊತ್ತಿಗೆ ಗಂಟೆ ಬಾರಿಸಿತ್ತು.

ಅವಳಿಗೀಗ ಮೂವತ್ತೆಂಟು. ಶಹಾಪುರದ ಕಡೆಯವಳು. ಏಳನೇ ತರಗತಿ ಮುಗಿಸಿ ಮದುವೆಯಾಗಿ, ಗಂಡ ಸಾಬಣ್ಣನ ಜೊತೆ ಇಟ್ಟಿಗೆ ಹೊರಲು ಹೈದರಾಬಾದಿಗೆ ಬಂದವಳು. ಆಮೇಲೆ ಸಾಬಣ್ಣನಿಗೆ ಕುಷಾಯಿಗೂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು, ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರಿನ ಮೂಲೆಯಲ್ಲಿ ಒಂದು ಕೋಣೆಯೂ ಸಿಕ್ಕಿತು. ಅವಳು ನಾಚಾರಂನಲ್ಲಿ ಸ್ಕೂಟರುಗಳ ವೈರಿಂಗ್ ಕಟ್ಟುವ ಸಣ್ಣ ಕಾರ್ಖಾನೆಗೆ ಸೇರಿಕೊಂಡು ಒಂಬತ್ತು ವರ್ಷವಾಗಿತ್ತು. ಕಣ್ಣು ಮುಚ್ಚಿ ಯಾವ ಬಣ್ಣದ ವೈರು ಯಾವ ಸಾಕೆಟ್ಟಿಗೆ ಎಂದು ಹೇಳಬಲ್ಲಳು. ಲೈನಿನ ಇನ್‌ಚಾರ್ಜ್ ಗಿರಿಜಾಬಾಯಿ ಆಷಾಢದ ಹೊತ್ತಿಗೆ ಕೆಲಸ ಬಿಟ್ಟು ಬೀದರಿಗೆ ಮಗಳ ಮನೆಗೆ ಹೋಗುವವಳಿದ್ದಳು. ಮ್ಯಾನೇಜರ್ ಶಿವಗಂಗಾಳನ್ನು ಕರೆದು, ಆ ಜಾಗಕ್ಕೆ ನೀನೇ ಸರಿ, ಆದರೆ ಹತ್ತನೇದರ ಮೆಮೊ ತಂದುಕೊಡಬೇಕು ಎಂದಿದ್ದ. ಮೆಮೊ ಎಂದರೆ ಅಂಕಪಟ್ಟಿ. ಈ ಊರಲ್ಲಿ ಅದಕ್ಕೆ ಹಾಗನ್ನುತ್ತಾರೆ.

ಹಾಗಾಗಿ ಮೂರನೇ ಸಲ.

ಮಗಳು ಶೈಲಾ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಪಿಯುಸಿ ಓದುತ್ತಿದ್ದಳು. ಫೋನಿನಲ್ಲಿ ಕೇಳಿದರೆ, "ಯವ್ವಾ, ಏನರ ಕೇಳು, ಗ್ರಾಮರ್ ಮಾತ್ರ ಕೇಳಬ್ಯಾಡ" ಎಂದು ಕೈ ತೊಳೆದುಕೊಂಡಳು. ಬಜಾರಿನಲ್ಲಿ ಕೊಂಡ ತೆಲುಗು ಗೈಡು ನೌನಿನಲ್ಲಿ ನಾಲ್ಕು ಬಗೆ ಎನ್ನುತ್ತಿತ್ತು. ಎರಡನೇ ಮಹಡಿಯ ಗಗನ, ಉಡುಪಿ ಕಡೆಯಿಂದ ಬಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಹುಡುಗಿ, ಸ್ಕೂಟಿಗೆ ಕೀಲಿ ಹಾಕುತ್ತ, "ಅಕ್ಕಾ, ಅದೆಲ್ಲ ಹಳೇದು ಮಾರಾಯ್ರೆ. ಎಣಿಸ್ಲಿಕ್ಕೆ ಆಗುದು ಒಂದು, ಎಣಿಸ್ಲಿಕ್ಕೆ ಆಗದ್ದು ಒಂದು. ಎರಡೇ. ಆರಾಮ ಇರಿ" ಎಂದು ಹೊರಟುಹೋದಳು. ಮೂರನೇ ಮಹಡಿಯ ಸೀತಾರಾಮ ಸರ್ ಐದು ಎಂದರು. ಐದೆಂದು ಹೇಳಿ, ಕನ್ನಡ ವ್ಯಾಕರಣದ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಇನ್ನೂ ಮೂರು ಹೆಸರು ಸೇರಿಸಿದರು.

"ಒಬ್ಬರು ಎಲ್ಡು ಅಂತಾರ, ಒಬ್ಬರು ನಾಕು ಅಂತಾರ, ಒಬ್ಬರು ಐದು ಅಂತಾರ," ಎಂದು ಶಿವಗಂಗಾ ಗಂಡನ ಮುಂದೆ ರೊಟ್ಟಿ ಬಡಿಯುತ್ತ ರೇಗಿದಳು. "ಇಂಗ್ಲಿಷಿನವರು ತಾವರ ಕುಂತು ಒಂದ್ಸಲ ಎಣಿಸಿಕೊಂಡಾರೋ ಇಲ್ಲೋ?"

"ಯಾವುದು ಜಾಸ್ತಿ ಐತಿ ಅದನ್ನ ಬರಿ," ಎಂದ ಸಾಬಣ್ಣ.

ಸೀತಾರಾಮ ಸರ್ ಮೈಸೂರು ಕಡೆಯವರು. ಇಲ್ಲೇ ಹತ್ತಿರದ ದೊಡ್ಡ ಸರಕಾರಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಾಗದ ಬರೆದು ನಿವೃತ್ತರಾಗಿದ್ದರು. ಸಾಬಣ್ಣ ಕನ್ನಡದವನೆಂದು ಗೊತ್ತಾದ ದಿನದಿಂದ ಅವರಿಗೆ ವಾಚ್‌ಮನ್ ಕೋಣೆಯ ಮೇಲೆ ಒಂದು ಅಭಿಮಾನ. ಶಿವಗಂಗಾ ಪರೀಕ್ಷೆಗೆ ಓದುತ್ತಿದ್ದಾಳೆಂದು ತಿಳಿದಾಗ, ದಿನಾ ಸಂಜೆ ಆರೂವರೆಗೆ ಬರಬೇಕೆಂದು ತಾವೇ ಹುಕುಂ ಮಾಡಿದರು. ಅವರ ಹೆಂಡತಿ ಸುಮತಿ ಕಾಫಿ ಕೊಡುತ್ತಿದ್ದರು. ಪಾಠಕ್ಕಿಂತ ಕಾಫಿ ಚೆನ್ನಾಗಿರುತ್ತಿತ್ತು.

ಪ್ರಾಪರ್ ನೌನ್ ಅವಳಿಗೆ ಒಂದೇ ದಿನದಲ್ಲಿ ತಿಳಿಯಿತು. ಒಬ್ಬರಿಗೇ, ಒಂದಕ್ಕೇ ಇಟ್ಟ ಹೆಸರು. ಮೊದಲ ಅಕ್ಷರ ದೊಡ್ಡದು. ಕಲೆಕ್ಟಿವ್ ನೌನ್ ಇನ್ನೂ ಸಲೀಸು. ಸೆಟ್ಟು, ಬಂಡಲ್ಲು, ಲಾಟು, ಇವುಗಳಲ್ಲೇ ಅವಳ ಹಗಲು ಕಳೆಯುತ್ತಿತ್ತು. ಜಗಳ ಶುರುವಾದದ್ದು ಮಟೀರಿಯಲ್ ನೌನಿನಲ್ಲಿ.

"ಕ್ಲಿಪ್ ಅನ್ನೋದನ್ನ ಮಟೀರಿಯಲ್ ನೌನ್ ಅಂತ ಬರೆದಿದ್ದೀಯಲ್ಲಮ್ಮ, ಯಾಕೆ?" ಎಂದರು ಸರ್, ಕನ್ನಡಕವನ್ನು ಹಣೆಗೇರಿಸಿ.

"ಮಟೀರಿಯಲ್ಲೇ ಅಲ್ಲೇನ್ರಿ ಸರ್? ಸ್ಟೋರಿನಿಂದ ದಿನಾ ಬರ್ತೈತಿ. ಕ್ಲಿಪ್ ಬರ್ಲಿಲ್ಲಂದ್ರ ಮಟೀರಿಯಲ್ ಬಂದಿಲ್ಲಂತ ಎಲ್ಲಾರೂ ಒದರತೀವಿ."

"ಕಾರ್ಖಾನೆ ಮಾತು ಬೇರೆ, ವ್ಯಾಕರಣ ಬೇರೆ. ಯಾವುದರಿಂದ ಇನ್ನೊಂದು ವಸ್ತು ಮಾಡ್ತೀವೋ ಅದು ಮಟೀರಿಯಲ್ ನೌನ್. ಚಿನ್ನ, ತಾಮ್ರ, ಹತ್ತಿ."

"ಕ್ಲಿಪ್ಪಿನಿಂದ ವೈರಿಂಗ್ ಸೆಟ್ ಮಾಡ್ತೀವಲ್ರಿ."

ಸರ್ ಕನ್ನಡಕವನ್ನು ಕಣ್ಣಿಗಿಳಿಸಿದರು. ಅಡುಗೆಮನೆಯಲ್ಲಿ ಸುಮತಿ ಕೆಮ್ಮಿದ್ದು ನಗುವನ್ನು ನುಂಗಿದ ಹಾಗಿತ್ತು.

ಮರುದಿನ ಅಬ್‌ಸ್ಟ್ರಾಕ್ಟ್ ನೌನ್. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಮನಸ್ಸಿಗೆ ಮಾತ್ರ ತಿಳಿಯುವಂಥದ್ದು ಎಂದು ಸರ್ ನಿಧಾನವಾಗಿ, ಒಂದೊಂದೇ ಮಾತಿಗೆ ಬೆರಳು ಮಡಚುತ್ತ ಹೇಳಿದರು. ಪ್ರೀತಿ, ಧೈರ್ಯ, ಬಡತನ.

"ಬಡತನ ಕಣ್ಣಿಗೆ ಕಾಣಂಗಿಲ್ಲೇನ್ರಿ?"

"ಬಡವ ಕಾಣ್ತಾನಮ್ಮ. ಬಡತನ ಕಾಣಲ್ಲ."

ಅವಳಿಗೆ ಒಪ್ಪಿಗೆಯಾಗಲಿಲ್ಲ, ಆದರೂ ಬರೆದುಕೊಂಡಳು. ಬರೆದುಕೊಂಡು ಪೆನ್ನಿನ ತುದಿ ಕಚ್ಚುತ್ತ ಕೂತು ಕೇಳಿದಳು: "ಕರೆಂಟ್ ಯಾವುದ್ರಿ ಸರ್? ಕಣ್ಣಿಗೆ ಕಾಣಂಗಿಲ್ಲ. ಕೈಗೆ ಸಿಕ್ಕರ ಮನಿಶಾ ಉಳಿಯಂಗಿಲ್ಲ."

"ಅದು ಪರೀಕ್ಷೆಗೆ ಬರಲ್ಲ."

"ಹಂಗಾದ್ರ ಶಿಫ್ಟ್? ಹಗಲು ಶಿಫ್ಟ್, ರಾತ್ರಿ ಶಿಫ್ಟ್ ಅಂತೀವಲ್ರಿ, ಅದು? ಅದೂ ಕೈಗೆ ಸಿಗಂಗಿಲ್ಲ. ಆದ್ರ ಎಣಿಸಾಕ ಬರ್ತೈತಿ. ಈ ವಾರ ಆರು ಶಿಫ್ಟ್ ಮಾಡೀನಿ."

ಸೀತಾರಾಮ ಸರ್ ಪುಸ್ತಕದ ಹಾಳೆ ತಿರುವಿದರು. ಅವರ ಕಿವಿ ಕೆಂಪಾದದ್ದನ್ನು ಶಿವಗಂಗಾ ನೋಡಿದಳು. "ಪರೀಕ್ಷೆಗೆ ಬರೋದನ್ನ ಕೇಳು," ಎಂದರು.

"ಯಾವುದು ಬರ್ತೈತಿ, ಯಾವುದು ಬರಂಗಿಲ್ಲ ಅಂತ ನಂಗ ಹೆಂಗ ಗೊತ್ತಾಗಬೇಕ್ರಿ? ನಿಮಗ ಗೊತ್ತಿದ್ರ ಹೇಳ್ರಿ, ಇಲ್ಲಂದ್ರ ಇಲ್ಲನ್ರಿ."

ಪುಸ್ತಕ ಟೀಪಾಯಿಯ ಮೇಲೆ ಪಟಾರನೆ ಬಿತ್ತು. "ಮೂವತ್ತು ವರ್ಷ ಈ ಭಾಷೆಯಲ್ಲೇ ಬರೆದಿದ್ದೀನಿ ನಾನು! ನನಗೇ ಪ್ರಶ್ನೆ ಹಾಕ್ತೀಯಾ? ನಿನ್ನ ತಲೆಗೆ ಇದು ಹತ್ತೋದಿಲ್ಲ, ಬಿಟ್ಟುಬಿಡು."

ಶಿವಗಂಗಾ ನೋಟ್‌ಬುಕ್ ಮುಚ್ಚಿ, ಪೆನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡು, ಅರ್ಧ ಕುಡಿದ ಕಾಫಿ ಲೋಟವನ್ನು ತೊಳೆದಿಟ್ಟು ಕೆಳಗಿಳಿದಳು. ಲಿಫ್ಟಿಗೂ ಕಾಯಲಿಲ್ಲ. ಇಟ್ಟಿಗೆ ಹೊರುತ್ತಿದ್ದಾಗ ಮೇಸ್ತ್ರಿಗಳಿಂದ ಎಷ್ಟೋ ಬೈಗುಳ ಕೇಳಿದ್ದಳು, ಯಾವುದೂ ಮನೆತನಕ ಬಂದಿರಲಿಲ್ಲ. ಈ ಮಾತು ಮೂರು ಮಹಡಿಯ ಮೆಟ್ಟಿಲನ್ನೂ ಅವಳ ಜೊತೆಗೇ ಇಳಿಯಿತು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ಮೂರು ಸಂಜೆ ಅವಳು ಮೇಲೆ ಹೋಗಲಿಲ್ಲ. ಗೈಡನ್ನು ತೆರೆದು ನಾಲ್ಕು ಬಗೆಯನ್ನೇ ಬಾಯಿಪಾಠ ಮಾಡಲು ನೋಡಿದಳು. ಅದರಲ್ಲಿ ಮಟೀರಿಯಲ್ ನೌನೇ ಇರಲಿಲ್ಲ. ಅಭ್ಯಾಸದ ಪ್ರಶ್ನೆಯಲ್ಲಿ ಮಾತ್ರ ಅದನ್ನು ಕೇಳಿದ್ದರು. ಗೈಡನ್ನು ಎತ್ತಿ ಗೋಡೆಗೆ ಬೀಸಿದಳು. ಸಾಬಣ್ಣ ಅದನ್ನು ಹೆಕ್ಕಿ, ಧೂಳು ಕೊಡವಿ, ಟಿ.ವಿ.ಯ ಮೇಲಿಟ್ಟ.

ನಾಲ್ಕನೇ ದಿನ ಸುಮತಿ ಸೆಲ್ಲಾರಿಗೆ ಇಳಿದು ಬಂದರು. ನೀರಿನ ಮೋಟಾರು ಹಾಕಿದ್ದಾರೆಯೇ ಎಂದು ಕೇಳುವ ನೆಪ. ಮೋಟಾರು ಅವರ ಪಕ್ಕದಲ್ಲೇ ಗುಂಯ್ ಎನ್ನುತ್ತಿತ್ತು.

"ನಿನ್ನ ಮೇಷ್ಟ್ರು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣೆ," ಎಂದರು. "ಹಳೇ ಡಿಕ್ಷನರಿಗಳನ್ನೆಲ್ಲ ಅಟ್ಟದಿಂದ ಇಳಿಸಿ ಹಾಲ್ ತುಂಬ ಹರಡಿಕೊಂಡಿದ್ದಾರೆ. ಕೇಳಿದರೆ ರೇಗ್ತಾರೆ. ಬಾ ಅಂತ ಹೇಳೋಕೆ ಬಾಯಿ ಬರ್ತಿಲ್ಲ ಅವರಿಗೆ."

"ನನಗ ತಲಿ ಇಲ್ಲಂದ್ರಲ್ರಿ ಅಕ್ಕಾರ. ತಲಿ ಇಲ್ಲದಾಕಿ ಬಂದೇನು ಮಾಡ್ಲಿ?"

"ನಲವತ್ತು ವರ್ಷದಿಂದ ನನಗೂ ಅದನ್ನೇ ಅಂತಿದ್ದಾರೆ," ಎಂದರು ಸುಮತಿ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಸೀತಾರಾಮ ಸರ್ ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಒಂದು ಹಾಳೆ ಹಿಡಿದು ನಿಂತಿದ್ದರು. ಇಬ್ಬರು ಹೆಂಗಸರನ್ನೂ ನೋಡದೆ ಮೋಟಾರಿನ ಕಡೆ ನೋಡುತ್ತ ಹೇಳಿದರು:

"ಶಿಫ್ಟ್ ಕಾಮನ್ ನೌನ್. ಎಣಿಸಬಹುದಾದದ್ದು. ಕೈಗೆ ಸಿಗಲ್ಲ ಅನ್ನೋದೇ ಸಾಲದು, ಅದು ಗುಣವೋ ಭಾವವೋ ಆಗಿರಬೇಕು. ಹಾಗಂತ ನಾನು ಅಂದ್ಕೊಂಡಿದ್ದೀನಿ. ಒಂದು ಪುಸ್ತಕ ಒಪ್ಪುತ್ತೆ, ಒಂದು ಒಪ್ಪಲ್ಲ." ಹಾಳೆ ಮಡಚುತ್ತ, "ಕರೆಂಟಿನ ವಿಷಯ ನನಗೆ ಗೊತ್ತಿಲ್ಲ," ಎಂದರು.

ಶಿವಗಂಗಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾಳೆ ಬರ್ತೀನ್ರಿ ಸರ್," ಎಂದಳು. "ಆದ್ರ ಒಂದು ಮಾತು. ಐದು ಅಂದ್ರ ಐದೇ. ನಡುವ ಆರನೇದು ತಂದು ಹಾಕಬ್ಯಾಡ್ರಿ."

ಆಮೇಲೆ ಪಾಠ ನಡೆಯಿತು. ಜಗಳವೂ ನಡೆಯಿತು, ಆದರೆ ಪುಸ್ತಕ ಬೀಳಲಿಲ್ಲ. ವ್ಯಾಕರಣವನ್ನು ಕೊನೆಗೆ ಬರೆಯಬೇಕು, ಪತ್ರ ಪ್ರಬಂಧ ಮೊದಲು ಮುಗಿಸಬೇಕು ಎಂದು ಸುಮತಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು. ಇಷ್ಟು ದಿನ ಅದು ಇಬ್ಬರಿಗೂ ಹೊಳೆದಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ, ಭಾನುವಾರ, ಅವಳು ನೆಟ್ ಸೆಂಟರಿಗೆ ಹೋಗಿ ಹಾಲ್ ಟಿಕೆಟ್ ತೆಗೆಸಿದಳು. ಫೋಟೊ ಅವಳದೇ. ಹೆಸರಿನ ಜಾಗದಲ್ಲಿ ಗಂಗಾ ಶಿವ ಎಂದಿತ್ತು. ಅದರ ಕೆಳಗೆ, ಪುರುಷ.

ಆದದ್ದು ಇಷ್ಟು. ಈ ಊರಲ್ಲಿ ಎಲ್ಲ ಅರ್ಜಿಯಲ್ಲೂ ಮನೆತನದ ಹೆಸರು ಮೊದಲು ಕೇಳುತ್ತಾರೆ. ಹಿಂದಿನ ಕಾಗದದ ಅರ್ಜಿಗಳಲ್ಲಿ ಅದನ್ನು ಬಿಟ್ಟರೂ ನಡೆದಿತ್ತು. ಈ ಸಲ ನೆಟ್ ಸೆಂಟರಿನಲ್ಲಿ ಅರ್ಜಿ ತುಂಬುವಾಗ ಅವಳು, ನಮ್ಮಲ್ಲಿ ಅದಿಲ್ಲ ಎಂದಿದ್ದಳು. ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ ಎಂದು ಆಪರೇಟರು ಗೊಣಗಿದ್ದು ಅವಳಿಗೆ ನೆನಪಿತ್ತು. ಅವನು ಅವಳ ಹೆಸರನ್ನೇ ನಡುವೆ ಕಡಿದು, ಗಂಗಾ ಎಂಬುದನ್ನು ಮನೆತನವಾಗಿಯೂ ಶಿವ ಎಂಬುದನ್ನು ಗಂಡಸಾಗಿಯೂ ಮಾಡಿ ಕೈತೊಳೆದುಕೊಂಡಿದ್ದ. ಈಗ ಆ ಆಪರೇಟರು ಕೆಲಸ ಬಿಟ್ಟಿದ್ದ. ಭಾನುವಾರ ಓಪನ್ ಸ್ಕೂಲಿನ ಆಫೀಸೂ ಇಲ್ಲ.

ಬೆಳಿಗ್ಗೆ ಸೀತಾರಾಮ ಸರ್ ಬೇಡವೆಂದರೂ ಕೇಳದೆ ಆಟೊದಲ್ಲಿ ಜೊತೆಗೆ ಬಂದರು. ಉಪ್ಪಲ್ ಕಡೆಯ ಒಂದು ಹೈಸ್ಕೂಲು ಪರೀಕ್ಷೆಯ ಕೇಂದ್ರ. ಏಪ್ರಿಲ್ ಬಿಸಿಲು ಎಂಟೂವರೆಗೇ ನೆತ್ತಿ ಸುಡುತ್ತಿತ್ತು. ಗೇಟಿನಲ್ಲಿ ಹಾಲ್ ಟಿಕೆಟ್ ನೋಡುತ್ತಿದ್ದ ಮೇಷ್ಟ್ರು ಅದನ್ನೊಮ್ಮೆ, ಅವಳನ್ನೊಮ್ಮೆ, ಅವಳ ಆಧಾರ್ ಕಾರ್ಡನ್ನೊಮ್ಮೆ ನೋಡಿ, "ಇದಿ ಮೀರು ಕಾದಮ್ಮಾ," ಎಂದರು. ಇದು ನೀವಲ್ಲ.

"ನಾನೇ ರೀ," ಎಂದಳು ಅವಳು ತೆಲುಗಿನಲ್ಲೇ. "ಫೋಟೊ ನೋಡಿ."

"ಫೋಟೊ ಸರಿ. ಹೆಸರು ಸರಿಯಿಲ್ಲ. ಗಂಡಸು ಅಂತ ಬೇರೆ ಇದೆ."

ಸೀತಾರಾಮ ಸರ್ ಮುಂದೆ ನುಗ್ಗಿದರು. ಇಂಗ್ಲಿಷಿನಲ್ಲಿ, ಖರೀದಿ ವಿಭಾಗದ ಕಾಗದದ ಧಾಟಿಯಲ್ಲಿ, ವ್ಯಕ್ತಿಯ ಹೆಸರು ಪ್ರಾಪರ್ ನೌನ್ ಎಂದೂ, ಅದನ್ನು ಕಡಿಯುವ ಅಧಿಕಾರ ಯಾರಿಗೂ ಇಲ್ಲವೆಂದೂ, ಇಲಾಖೆಗೇ ವ್ಯಾಕರಣ ಗೊತ್ತಿಲ್ಲದಿದ್ದರೆ ವ್ಯಾಕರಣದ ಪರೀಕ್ಷೆ ಏಕೆಂದೂ ಶುರುಮಾಡಿದರು. ಮೇಷ್ಟ್ರ ಮುಖ ಗಂಟಾಯಿತು. ನೀವು ಯಾರು, ಗೇಟಿನಿಂದ ದೂರ ನಿಲ್ಲಿ ಎಂದರು. ಸರ್ ದನಿ ಇನ್ನೂ ಏರಿತು. ಹಿಂದೆ ನಿಂತಿದ್ದ ಹುಡುಗರು ನಗತೊಡಗಿದರು. ಒಳಗೆ ಒಂಬತ್ತರ ಗಂಟೆ ಬಾರಿಸಿತು.

"ಸರ್ರ!" ತನ್ನ ದನಿಗೆ ಶಿವಗಂಗಾ ತಾನೇ ಬೆಚ್ಚಿದಳು. "ನೀವು ಸುಮ್ಮನ ಆ ಬೇವಿನ ಗಿಡದ ಕೆಳಗ ನಿಂದರ್ರಿ. ಪರೀಕ್ಷಾ ನಂದು. ಹೆಸರೂ ನಂದು."

ಸರ್ ಮೂವತ್ತು ವರ್ಷದಲ್ಲಿ ಯಾರಿಂದಲೂ ಹಾಗೆ ಹೇಳಿಸಿಕೊಂಡಿರಲಿಲ್ಲವೇನೋ. ಹೋಗಿ ಬೇವಿನ ಮರದ ಕೆಳಗೆ ನಿಂತರು.

ಅವಳು ಮೇಷ್ಟ್ರ ಕಡೆ ತಿರುಗಿ, ಒಳಗೆ ಬಿಡಲು ಏನು ಮಾಡಬೇಕೋ ಹೇಳಿ, ಮಾಡುತ್ತೇನೆ ಎಂದಳು. ಅವರೇನೂ ಕೆಟ್ಟವರಲ್ಲ, ಹೆದರಿದವರು. ಒಳಗಿನಿಂದ ಮುಖ್ಯಾಧಿಕಾರಿಯನ್ನು ಕರೆತಂದರು. ಆಕೆ ಹಾಲ್ ಟಿಕೆಟ್ ನೋಡಿ, ತಾನೇ ಈ ಅಭ್ಯರ್ಥಿ ಎಂದು ಒಂದು ಮುಚ್ಚಳಿಕೆ ಬರೆದುಕೊಟ್ಟರೆ ಒಳಗೆ ಬಿಡಬಹುದೆಂದರು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆಯಬೇಕು, ಬೇರೆಯವರು ಬರೆಯುವಂತಿಲ್ಲ.

ತೆಲುಗಿನಲ್ಲಿ ಬರೆಯುವುದು ಸುಲಭವಿತ್ತು. ಆದರೆ ಅವಳಿಗೆ ಆಗ ಎಂಥ ರೇಗು ಹತ್ತಿತ್ತೆಂದರೆ, ಹಾಳೆ ಇಸಿದುಕೊಂಡು ಗೇಟಿನ ಕಂಬಕ್ಕೊತ್ತಿ ಇಂಗ್ಲಿಷಿನಲ್ಲೇ ಶುರುಮಾಡಿದಳು. ಗೈಡಿನಿಂದ ನಕಲು ಮಾಡದೆ, ಯಾರೂ ಹೇಳಿಕೊಡದೆ ಅವಳು ಬರೆದ ಮೊದಲ ಇಂಗ್ಲಿಷು ಅದು. ಐ ಆಮ್ ಶಿವಗಂಗಾ. ಐ ಆಮ್ ವುಮನ್. ಮೈ ನೇಮ್ ಈಸ್ ಒನ್ ವರ್ಡ್, ನಾಟ್ ಟೂ. ಫೋಟೊ ಈಸ್ ಮೀ. ಕೆಳಗೆ ದೊಡ್ಡ ಅಕ್ಷರದಿಂದ ಆರಂಭಿಸಿ, ಎಲ್ಲೂ ಬಿಡದೆ, ಹಾಳೆಯ ಅಂಚಿನತನಕ ಸಹಿ ಮಾಡಿದಳು.

ಮುಖ್ಯಾಧಿಕಾರಿ ಓದಿದರು. ತುಟಿಯಂಚಿನಲ್ಲಿ ಸಣ್ಣಗೆ ನಕ್ಕರು. "ಹೋಗಮ್ಮ, ಬೇಗ ಹೋಗು," ಎಂದರು.

ಜಾಗದಲ್ಲಿ ಕೂತಾಗ ಇಪ್ಪತ್ತೈದು ನಿಮಿಷ ಹೋಗಿತ್ತು. ಬೆವರು ಹಾಳೆಯ ಮೇಲೆ ಹನಿಯುತ್ತಿತ್ತು. ಮೊದಲು ಪತ್ರ ಬರೆದಳು, ಆಮೇಲೆ ಪ್ರಬಂಧ, ಆಮೇಲೆ ಒಂದು ರೈಲು ನಿಲ್ದಾಣದ ಬಗ್ಗೆ ಕೊಟ್ಟ ಉದ್ದನೆಯ ಭಾಗ ಓದಿ ಉತ್ತರ. ಕೊನೆಗೆ ವ್ಯಾಕರಣಕ್ಕೆ ಬಂದು ನೌನಿನ ಪ್ರಶ್ನೆ ಹುಡುಕಿದಳು. ಎರಡು ಅಂಕ. ನೂರಕ್ಕೆ ಎರಡು. ಹಿಂದಿನ ಎರಡು ಸಲ ಗಾಬರಿಯಲ್ಲಿ ಆ ಅಂಕಿ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಅದೂ ಬೇಕಾದರೆ ಬರೆಯಿರಿ, ಇಲ್ಲವಾದರೆ ಅದರ ಬದಲು ಇನ್ನೊಂದು ಬರೆಯಿರಿ ಎಂದಿತ್ತು. ಎರಡು ತಿಂಗಳ ಸಂಜೆಗಳು, ಎಸೆದ ಗೈಡು, ಅಟ್ಟದ ಡಿಕ್ಷನರಿಗಳು ಎಲ್ಲ ಒಟ್ಟಿಗೆ ನೆನಪಾಗಿ, ಜೋರಾಗಿ ಕೂಗಬೇಕೆನಿಸಿತು. ಕೂಗದೆ ಬರೆದಳು. ಬದಲಿಯ ಪ್ರಶ್ನೆ ಸುಲಭವಿತ್ತು. ಅದನ್ನು ಬಿಟ್ಟು ನೌನನ್ನೇ ಬರೆದಳು.

ಹೊರಗೆ ಬಂದಾಗ ಸರ್ ಇನ್ನೂ ಮರದ ಕೆಳಗೇ ಇದ್ದರು. ನೆರಳು ಆಚೆ ಸರಿದುಹೋಗಿ ಅವರು ಬಿಸಿಲಲ್ಲಿ ನಿಂತಿದ್ದರು. ಹೇಗಾಯಿತೆಂದು ಕೇಳಲಿಲ್ಲ. "ನೀರು ಕುಡಿ," ಎಂದು ಬಾಟಲಿ ಚಾಚಿದರು. ಅದರಲ್ಲಿ ಒಂದು ಹನಿಯೂ ಖರ್ಚಾಗಿರಲಿಲ್ಲ. ಅವಳು ಅರ್ಧ ಕುಡಿದು, ಉಳಿದರ್ಧವನ್ನು ಅವರು ಕುಡಿಯುವತನಕ ಆಟೊ ಹತ್ತಲಿಲ್ಲ.

ಫಲಿತಾಂಶ ಮೇ ಕೊನೆಗೆ ಬಂತು. ನಲವತ್ತಾರು. ಗಗನ ತನ್ನ ಫೋನಿನಲ್ಲಿ ನೋಡಿ ಸೆಲ್ಲಾರಿಗೇ ಓಡಿಬಂದು ಹೇಳಿದಳು. ಸಾಬಣ್ಣ ಅಂಕವನ್ನು ಎರಡೆರಡು ಸಲ ಕೇಳಿಸಿಕೊಂಡು, ಗೇಟಿಗೆ ಹೋಗಿ, ಬಂದು ಹೋಗುವ ಕಾರಿನವರಿಗೆಲ್ಲ ಹೇಳತೊಡಗಿದ. ಮೆಮೊದಲ್ಲಿ ಹೆಸರು ಇನ್ನೂ ಎರಡು ತುಂಡಾಗಿಯೇ ಇತ್ತು. ತಿದ್ದಿಸಲು ಅವಳು ನಾಲ್ಕು ಸಲ ಆಫೀಸಿಗೆ ಅಲೆದಳು. ಪ್ರತಿ ಸಲವೂ ಹೊಸದೊಂದು ಕಾಗದ ಕೇಳಿದರು. ಐದನೇ ಸಲ ಇನ್ನೂ ಬಾಕಿ ಇದೆ. ಕಾರ್ಖಾನೆಯ ಮ್ಯಾನೇಜರ್ ಮಾತ್ರ ಹೆಸರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಪಾಸ್ ಎಂಬುದನ್ನು ನೋಡಿ, ಸೋಮವಾರದಿಂದ ಗಿರಿಜಾಬಾಯಿಯ ಮೇಜು ನಿನ್ನದು ಎಂದ. ಅಷ್ಟಕ್ಕೇ ಆಗುವುದಿದ್ದರೆ ತಾನು ಇಷ್ಟು ಹೊಡೆದಾಡಿದ್ದೇಕೆ ಎಂದು ಅವಳಿಗೆ ಮತ್ತೆ ರೇಗಿತು.

ಭಾನುವಾರ ಪೇಡೆಯ ಡಬ್ಬಿ ಹಿಡಿದು ಮೂರನೇ ಮಹಡಿಗೆ ಹೋದಳು. ಸುಮತಿ ಅವಳನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡರು. ಸೀತಾರಾಮ ಸರ್ ಪೇಡೆ ಬಾಯಿಗೆ ಹಾಕಿಕೊಂಡು, ಇನ್ನೂ ನುಂಗುವ ಮೊದಲೇ ಶೆಲ್ಫಿನಿಂದ ಒಂದು ದಪ್ಪ ಪುಸ್ತಕ ಎಳೆದರು.

"ಇಂಟರ್‌ಗೆ ಕಟ್ತೀಯಲ್ಲ, ಅದೇ ನಮ್ಮ ಪಿಯುಸಿಗೆ? ಹಾಗಾದರೆ ವರ್ಬಿನಿಂದ ಶುರುಮಾಡೋಣ. ವರ್ಬಿನಲ್ಲಿ ಒಟ್ಟು..."

"ಸರ್ರ, ಸಾಕ್ರಿ!" ಎಂದು ಶಿವಗಂಗಾ ಎರಡೂ ಕೈ ಜೋಡಿಸಿ ಬಾಗಿಲ ಕಡೆ ಹಿಂದೆ ಸರಿದಳು. "ಎಷ್ಟು ಬಗಿ ಅಂತ ಮಾತ್ರ ಹೇಳಬ್ಯಾಡ್ರಿ. ಇವತ್ತು ಹೇಳಬ್ಯಾಡ್ರಿ."

"ಅವಳನ್ನ ಬಿಡ್ರೀ," ಎಂದರು ಸುಮತಿ.

"ಇವತ್ತು ಬೇಡ ಅಂದಳು. ಬೇಡವೇ ಬೇಡ ಅನ್ನಲಿಲ್ಲವಲ್ಲ," ಎಂದರು ಸರ್, ಪುಸ್ತಕವನ್ನು ಟೀಪಾಯಿಯ ಮೇಲೆ ಮೆಲ್ಲಗಿಟ್ಟು.

ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಮರುದಿನ ಲೈನಿನ ಹದಿನಾಲ್ಕು ಮಂದಿಯಲ್ಲಿ ಯಾರು ಎಲ್ಲಿ ಕೂಡಬೇಕೆಂದು ಅವಳೇ ಗೊತ್ತುಮಾಡಬೇಕಿತ್ತು. ಕಿಟಕಿಯ ಪಕ್ಕದ ಫ್ಯಾನಿನ ಜಾಗಕ್ಕಾಗಿ ಹುಸೇನಮ್ಮ ಮತ್ತು ಗದಿಗೆಮ್ಮ ಈಗಲೇ ಫೋನ್ ಮಾಡಿ ಜಗಳ ತೆಗೆದಿದ್ದರು.